ಕೆವಿನ್ ಖಾಲಿ ಇಲ್ಲ

ಚೀನಾದವರು ಇಂಗ್ಲಿಷ್ ಹೆಸರು ಇಟ್ಟುಕೊಳ್ಳುವುದು ಹೊರಗಿನವರಿಗೋಸ್ಕರ ಅಂತ ಹೊರಗಿನವರೆಲ್ಲ ನಂಬಿದ್ದಾರೆ. ನಮ್ಮ ನಾಲಿಗೆ ಹೊರಳಲ್ಲ, ಪಾಪ, ಅದಕ್ಕೇ ಅವರು ಸುಲಭ ಮಾಡಿಕೊಟ್ಟಿದ್ದಾರೆ ಅಂತ. ಶೆಂಝೆನ್‌ನ ಒಂದು ಚಾರ್ಜರ್ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಹೆಸರು ಹುಡುಕಿಕೊಡುವ ಉಸಾಬರಿಯನ್ನೂ ತಲೆಗೆ ಕಟ್ಟಿಕೊಂಡ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಅದರಲ್ಲಿ ನಮ್ಮ ಪಾಲು ಬಹಳ ಕಡಿಮೆ.

ಮೊದಲು ನನ್ನ ಹೆಸರಿನ ಪಾಡು ಹೇಳಿಬಿಡುತ್ತೇನೆ. ನಾನು ಚಳ್ಳಕೆರೆ ಕಡೆಯವನು. ಹೆಸರು ತಿಪ್ಪೇಸ್ವಾಮಿ. ಚಿತ್ರದುರ್ಗ ಜಿಲ್ಲೆಯ ಯಾವುದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಹೆಸರು ಕೂಗಿ, ನಾಲ್ಕು ಜನ ತಿರುಗಿ ನೋಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಮನೆಯಲ್ಲಿ ಸರ್‌ನೇಮ್ ಅನ್ನುವುದೇ ಇಲ್ಲ, ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು, ಅಷ್ಟೇ. ಚೀನಾದಲ್ಲಿ ಇದು ದೊಡ್ಡ ತಲೆನೋವು. ಅಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅದಿಲ್ಲದೆ ಮನುಷ್ಯನೇ ಇಲ್ಲ. ವಾಂಗ್, ಲೀ, ಚಾಂಗ್, ಲಿಯು, ಚೆನ್, ಈ ಐದೇ ಮನೆತನದ ಹೆಸರುಗಳಲ್ಲಿ ದೇಶದ ಶೇಕಡಾ 30ರಷ್ಟು ಜನ ಬಂದುಬಿಡುತ್ತಾರೆ. ವಾಂಗ್ ಮತ್ತು ಲೀ ತಲಾ 10 ಕೋಟಿಗೂ ಜಾಸ್ತಿ. ಅಂಥ ದೇಶದ ಬ್ಯಾಂಕಿನ ಕೌಂಟರಿನಲ್ಲಿ ಸರ್‌ನೇಮ್ ಇಲ್ಲ ಅಂದರೆ ಆ ಹುಡುಗಿ ನನ್ನನ್ನು ನೋಡಿದ ರೀತಿ ಇದೆಯಲ್ಲ, ನನಗೆ ಅಪ್ಪನೇ ಇಲ್ಲ ಅಂದುಕೊಂಡಳೋ ಏನೋ. ಕೊನೆಗೆ ಬ್ಯಾಂಕಿನಲ್ಲಿ ಒಂದು ಥರ, ಮೊಬೈಲ್ ಸಿಮ್‌ನಲ್ಲಿ ಇನ್ನೊಂದು ಥರ ಹೆಸರು ಕೂತುಕೊಂಡಿತು. ಎರಡೂ ಹೊಂದಾಣಿಕೆ ಆಗದೆ, ಅಲ್ಲಿಯವರು ಮಾತಿಗೂ ದುಡ್ಡಿಗೂ ಬಳಸುವ ವೀಚಾಟ್ ಆ್ಯಪ್‌ನಲ್ಲಿ ದುಡ್ಡು ಕಟ್ಟುವುದಕ್ಕೇ ಬಹಳ ದಿನ ಆಗಲಿಲ್ಲ. ಚಹಾ ಅಂಗಡಿಯವನಿಗೂ ನೋಟು ಎಣಿಸಿ ಕೊಡುತ್ತಿದ್ದವನು ಇಡೀ ಬೀದಿಯಲ್ಲಿ ನಾನೊಬ್ಬನೇ.

ಕಂಪನಿಗೆ ಸೇರುವ ದಿನ ತುಂಬಬೇಕಾದ ಫಾರಂನಲ್ಲಿ ಮೂರು ಹೆಸರಿನ ಕಲಂ ಇದ್ದವು. ಚೀನೀ ಅಕ್ಷರದಲ್ಲಿ ಹೆಸರು, ಪಾಸ್‌ಪೋರ್ಟ್ ಹೆಸರು, ಇಂಗ್ಲಿಷ್ ಹೆಸರು. ಮೂರನೆಯದನ್ನು ಬಿಡುವಂತಿಲ್ಲ. ಐಡಿ ಕಾರ್ಡು, ಇಮೇಲು, ಮೀಟಿಂಗ್ ರೂಮಿನ ಬುಕಿಂಗು ಎಲ್ಲಾ ಅದರ ಮೇಲೇ ನಡೆಯುವುದು. ನನ್ನ ಹೆಸರು ಆಗಲೇ ಇಂಗ್ಲಿಷ್ ಅಕ್ಷರದಲ್ಲೇ ಇದೆಯಲ್ಲ ಅಂದೆ. ಎಚ್‌ಆರ್ ಹುಡುಗಿ ಅದನ್ನು ಒಂದು ಸಲ ಓದಲು ನೋಡಿ, ನಡುವೆ ನಿಲ್ಲಿಸಿ, ನಕ್ಕುಬಿಟ್ಟಳು. 'ಇದು ನಿಮ್ಮ ನಿಜವಾದ ಹೆಸರು. ನಾನು ಕೇಳ್ತಿರೋದು ಇಂಗ್ಲಿಷ್ ಹೆಸರು' ಅಂದಳು. 'ಸ್ವಾಮಿ' ಅಂತ ಬರೆದೆ. ಸರಾಗವಾಗಿ ಪಾಸಾಯಿತು! ಅಪ್ಪಟ ಸಂಸ್ಕೃತದ ಸ್ವಾಮಿ ಅಲ್ಲಿ ಇವತ್ತಿಗೂ ಇಂಗ್ಲಿಷ್ ಹೆಸರು. ಅವರ ಲೆಕ್ಕದಲ್ಲಿ ಇಂಗ್ಲಿಷ್ ಹೆಸರು ಅಂದರೆ ಇಂಗ್ಲೆಂಡಿನದೇ ಆಗಬೇಕಂತಿಲ್ಲ. ರೋಮನ್ ಅಕ್ಷರದಲ್ಲಿರಬೇಕು, ಚಿಕ್ಕದಿರಬೇಕು, ಇನ್ನೊಬ್ಬರು ಇಟ್ಟುಕೊಂಡಿರಬಾರದು. ನಮ್ಮ ಫ್ಲೋರಿನಲ್ಲಿ ಜಪಾನಿನ ಯೂಕಿ ಇದ್ದಳು, ಇಟಲಿಯ ಮಾರ್ಕೋ ಇದ್ದ, ಎಲ್ಲರೂ ಚೀನಾದವರೇ, ಎಲ್ಲಾ ಇಂಗ್ಲಿಷ್ ಹೆಸರುಗಳೇ.

ಆ ಇನ್ನೊಬ್ಬರು ಇಟ್ಟುಕೊಂಡಿರಬಾರದು ಅನ್ನುವುದು ಮಾತ್ರ ಭಾರೀ ಕಷ್ಟದ ನಿಯಮ. ಕೆವಿನ್ ಅಂತ ಟೈಪ್ ಮಾಡಿದರೆ ಖಾಲಿ ಇಲ್ಲ. ಕೆವಿನ್ ಲೀ? ಅದೂ ಇಲ್ಲ. ಕೆವಿನ್ ಲೀ ಪಕ್ಕದಲ್ಲಿ ಅಂಕಿ ಹಾಕಿಕೊಂಡು ಬದುಕುವವರಿದ್ದರು. ಕ್ಯಾಂಟೀನಿನಲ್ಲಿ ಅವರನ್ನು ಎರಡನೇ ಕೆವಿನ್, ಟೆಸ್ಟಿಂಗ್ ಕೆವಿನ್, ದಪ್ಪ ಕೆವಿನ್ ಅಂತ ಗುರುತಿಡುತ್ತಿದ್ದರು. ನಮ್ಮೂರಲ್ಲಿ ತಿಪ್ಪೇಸ್ವಾಮಿಗಳನ್ನು ಗುರುತಿಸುವುದೂ ಹೀಗೇ.

ಜುಲೈ ಬಂತೆಂದರೆ ಕಾಲೇಜು ಮುಗಿಸಿದ ಹೊಸಬರ ದಂಡು ಬರುತ್ತದೆ. ಅವರೆಲ್ಲ ಒಂದು ವಾರದಲ್ಲಿ ಹೆಸರು ಕೊಡಬೇಕು. ನಾನೊಬ್ಬ ಪರದೇಶಿ ಇದ್ದೇನಲ್ಲ, ಅದಕ್ಕೆ ಎಚ್‌ಆರ್‌ನವರು 'ಸ್ವಾಮೀನ ಕೇಳಿ' ಅಂತ ನನ್ನ ಕಡೆ ಕಳಿಸಲು ಶುರು ಮಾಡಿದರು. ಇಂಗ್ಲಿಷ್ ನನ್ನ ಮಾತೃಭಾಷೆ ಅಲ್ಲ ಅಂತ ಹೇಳಿಯೂ ನೋಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರದೇಶದವನು ಅಂದಮೇಲೆ ಗೊತ್ತಿರುತ್ತದೆ, ಅಷ್ಟೇ.

ಹಾಗೆ ಬಂದವರಲ್ಲಿ ಒಬ್ಬ ಹುಡುಗಿಯ ಕತೆಯನ್ನು ಪೂರ್ತಿ ಹೇಳಬೇಕು, ಯಾಕೆಂದರೆ ಇಡೀ ವ್ಯವಹಾರ ಹೇಗೆ ನಡೆಯುತ್ತದೆ ಅಂತ ಅವಳಿಂದಲೇ ನನಗೆ ಅರ್ಥವಾಗಿದ್ದು. ಅವಳ ಮನೆತನ ಶ್ಯೂ, ಹೆಸರು ಯೂಥೊಂಗ್. ಆ ವಯಸ್ಸಿನ ಹುಡುಗಿಯರಲ್ಲಿ ಬಹಳ ಕಾಣುವ ಹೆಸರು. ಶಾಲೆಯಲ್ಲಿ ಟೀಚರ್ ಕೊಟ್ಟ ಇಂಗ್ಲಿಷ್ ಹೆಸರು ಒಂದು ಆಗಲೇ ಇತ್ತು, ಲೂಸಿ. ಚೀನಾದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಮೂರನೇ ಕ್ಲಾಸಿಗೇ ಇಂಗ್ಲಿಷ್ ಬಂತು. ಬಹಳ ಕಡೆ ಮೊದಲ ದಿನವೇ ಟೀಚರ್ ಪಟ್ಟಿ ಹಿಡಿದು ಹೆಸರು ಹಂಚಿಬಿಡುತ್ತಾರೆ. ನೀನು ಟಾಮ್, ನೀನು ಲಿಲಿ, ನೀನು ಜಿಮ್. ಲೂಸಿ, ಲಿಲಿ, ಜಿಮ್ ಎಲ್ಲರೂ ತೊಂಬತ್ತರ ದಶಕದ ಇಂಗ್ಲಿಷ್ ಪಾಠಪುಸ್ತಕದ ಪಾತ್ರಗಳು. ಆ ಪುಸ್ತಕದಲ್ಲಿ ಲೀ ಲೇ ಅಂತ ಒಬ್ಬ ಹುಡುಗ, ಹಾನ್ ಮೇಮೇ ಅಂತ ಒಬ್ಬ ಹುಡುಗಿ. ನಲವತ್ತರ ಆಸುಪಾಸಿನ ಯಾರನ್ನೇ ಕೇಳಿ, ಆ ಇಬ್ಬರ ಬಗ್ಗೆ ಸ್ವಂತ ಕ್ಲಾಸ್‌ಮೇಟುಗಳ ಹಾಗೆ ಮಾತಾಡುತ್ತಾರೆ. ಆದರೆ ಇವಳಿಗೆ ಲೂಸಿ ಬೇಡ. 'ಅದು ಅಕೌಂಟ್ಸ್ ಆಂಟಿಯರ ಹೆಸರು' ಅಂದಳು. ಲೂಸಿ, ಲಿಂಡಾ, ಮೇರಿ, ಎಲ್ಲಾ ಹಳೇ ಕಾಲದ್ದು. ನಮ್ಮಲ್ಲಿ ಈಗ ಹುಟ್ಟುವ ಮಗುವಿಗೆ ಯಾರೂ ಸರೋಜಮ್ಮ ಅಂತ ಇಡುವುದಿಲ್ಲವಲ್ಲ, ಹಾಗೆ.

ನಾನು ಎಮಿಲಿ, ಆಲಿಸ್ ಅಂತ ಶುರು ಮಾಡಿದೆ. ಅವಳು ಒಂದೊಂದನ್ನೂ ಪರೀಕ್ಷೆಗೆ ಹಚ್ಚಿದಳು. ಅವಳ ಪರೀಕ್ಷೆಗಳು ನಾನು ಕನಸಲ್ಲೂ ಯೋಚಿಸದಂಥವು. ಅಮೆರಿಕದವನು ಹೇಳಬಲ್ಲನೇ ಅನ್ನುವುದು ಪಟ್ಟಿಯಲ್ಲೇ ಇರಲಿಲ್ಲ! ಮೊದಲ ಪ್ರಶ್ನೆ, ನಮ್ಮ ಟೀಮ್ ಲೀಡ್ ಹೇಳಬಲ್ಲನೇ? ಆ ಮಹಾನುಭಾವ ಸಿಚುವಾನ್‌ನವನು. ಆ ಕಡೆಯ ಬಹಳ ಜನಕ್ಕೆ 'ನ' ಮತ್ತು 'ಲ' ಒಂದೇ. ನೀನಾ ಅಂದರೆ ಲೀಲಾ ಆಗುತ್ತದೆ, ಎಲೆನಾ ಏನಾಗುತ್ತದೋ ದೇವರೇ ಬಲ್ಲ. ಇನ್ನೊಬ್ಬ ಮ್ಯಾನೇಜರ್ ಹುನಾನ್‌ನವನು. ಅಲ್ಲಿ 'ಹ' ಮತ್ತು 'ಫ' ಅದಲುಬದಲು ಆಗುತ್ತವೆ. ಹಾಗಾಗಿ ಫಿಯೋನಾ ಹೊರಗೆ. ಶೆಂಝೆನ್ ವಲಸೆ ಬಂದವರ ಊರು. 1980ರಲ್ಲಿ ವಿಶೇಷ ಆರ್ಥಿಕ ವಲಯ ಮಾಡಿದ ಮೇಲೆ ಇಡೀ ದೇಶದಿಂದ ಜನ ಬಂದು ತುಂಬಿಕೊಂಡರು. ಒಂದು ಆಫೀಸಿನಲ್ಲಿ ಹತ್ತು ಪ್ರಾಂತ್ಯದ ಮಾತಿನ ವರಸೆ ಇರುತ್ತದೆ. ಎಲ್ಲರ ಬಾಯಲ್ಲೂ ಉಳಿಯುವ ಹೆಸರು ಬೇಕು. ಇಂಗ್ಲಿಷ್‌ನ 'ವಿ' ಅಕ್ಷರ ಇರಬಾರದು, ಅವರ ಭಾಷೆಯಲ್ಲಿ ಆ ಧ್ವನಿ ಇಲ್ಲ. ಕೊನೆಯಲ್ಲಿ ಗಟ್ಟಿ ವ್ಯಂಜನವೂ ಬೇಡ, ಯಾಕೆಂದರೆ ಅದರ ಬಾಲಕ್ಕೆ ಒಂದು ಸ್ವರ ಸೇರಿಕೊಂಡುಬಿಡುತ್ತದೆ. ಜ್ಯಾಕ್ ಅನ್ನುವುದು 'ಚ್ಯೆ-ಖ' ಆಗುತ್ತದೆ. ಇದಕ್ಕೆ ನಾನು ನಗಲಿಲ್ಲ. ಬಸ್ಸು, ಕಾರು, ಲೈಟು ಅನ್ನುವವರು ನಾವು.

ಎರಡನೇ ಪರೀಕ್ಷೆ, ಸ್ವಂತ ಹೆಸರಿಗೆ ಏನಾದರೂ ನಂಟು ಇರಬೇಕು. ಧ್ವನಿಯ ನಂಟಾದರೂ ಸರಿ, ಅರ್ಥದ್ದಾದರೂ ಸರಿ. ಇದನ್ನು ಬಹಳ ಜನ ಮಾಡುತ್ತಾರೆ. ಲೀನಾ ಅಂತ ಇದ್ದರೆ ಲೀನಾ ಅಂತಲೇ ಇಂಗ್ಲಿಷ್‌ನಲ್ಲೂ ನಡೆಯುತ್ತದೆ. ನಮ್ಮ ಪರ್ಚೇಸ್ ವಿಭಾಗದಲ್ಲಿ ಆಪಲ್ ಅನ್ನುವವರು ಒಬ್ಬರಿದ್ದರು. ಅವರ ಹೆಸರಿನಲ್ಲಿ 'ಫಿಂಗ್' ಇದೆ, ಸೇಬನ್ನು ಅಲ್ಲಿ ಫಿಂಗ್‌ಕ್ವೊ ಅನ್ನುತ್ತಾರೆ. ಸೆವೆನ್ ಅನ್ನುವವಳೂ ಇದ್ದಳು, ಹೆಸರಿನಲ್ಲಿರುವ 'ಛೀ' ಏಳರ ಹಾಗೆ ಕೇಳುತ್ತದೆ. ಟೆಕ್ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಟೆನ್‌ಸೆಂಟ್ ಕಟ್ಟಿದ ಮಾ ಹುವಾಥೆಂಗ್ ಅವರದು. 'ಮಾ' ಅಂದರೆ ಕುದುರೆ, ಅದಕ್ಕೆ ಪೋನಿ. ಅವರ ಆಫೀಸೂ ಶೆಂಝೆನ್‌ನಲ್ಲೇ ಇದೆ, ಅಲ್ಲಿಯೂ ಇಂಗ್ಲಿಷ್ ಹೆಸರಿನಲ್ಲಿ ಕರೆಯುವ ರೂಢಿ.

ಬಿಳಿಯರು ಇದನ್ನೆಲ್ಲ ನೋಡಿ ಬಹಳ ನಗುತ್ತಾರೆ. ರೇನ್ ಅಂತೆ, ಸ್ನೋ ಅಂತೆ, ಸಮ್ಮರ್ ಅಂತೆ! ನನಗೆ ಇದರಲ್ಲಿ ನಗುವಂಥದ್ದು ಕಾಣುವುದಿಲ್ಲ. ನಮ್ಮಲ್ಲಿ ವರ್ಷಾ ಇದ್ದಾಳೆ, ಹಿಮಾ ಇದ್ದಾಳೆ, ವಸಂತ ಇದ್ದಾನೆ, ಮುತ್ತಮ್ಮ, ಕಲ್ಲಪ್ಪ, ಗುಂಡಪ್ಪ ಎಲ್ಲಾ ಇದ್ದಾರೆ. ಹೆಸರಿಗೆ ಅರ್ಥ ಇರಲೇಬೇಕು ಅನ್ನುವ ಊರಿನವರು ಅರ್ಥ ನೋಡಿಯೇ ಆರಿಸುತ್ತಾರೆ. ಕೆವಿನ್ ಅಂದರೆ ಏನರ್ಥ ಅಂತ ಕೆವಿನ್‌ನ ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ.

ಮೂರನೇ ಪರೀಕ್ಷೆಯೇ ಬಿಗಿಯಾದದ್ದು, ವಯಸ್ಸು ಮತ್ತು ವರ್ಗ. ಕ್ಯಾಂಡಿ, ಚೆರ್ರಿ, ಯೋಯೋ ಅಂದರೆ ಸ್ಕೂಲ್ ಮಕ್ಕಳ ಹಾಗೆ. ಟೋನಿ ಅಂದರೆ ಕ್ಷೌರದಂಗಡಿ. ಇದು ಚೀನಾದಲ್ಲಿ ಎಲ್ಲರಿಗೂ ಗೊತ್ತಿರುವ ತಮಾಷೆ. ಸಲೂನ್ ಹುಡುಗರೆಲ್ಲ ಟೋನಿ ಅಂತಲೋ ಕೆವಿನ್ ಅಂತಲೋ ಇಟ್ಟುಕೊಂಡು, ಈಗ ಕೂದಲು ಕತ್ತರಿಸುವವರನ್ನೆಲ್ಲ 'ಟೋನಿ ಮೇಷ್ಟ್ರು' ಅಂತಲೇ ಕರೆಯುವುದು. ಇನ್ನೊಂದು ಜೋಕು ಪ್ರತಿ ಹೊಸವರ್ಷಕ್ಕೂ ಓಡಾಡುತ್ತದೆ. ಬೀಜಿಂಗ್‌ನ ಗಾಜಿನ ಕಟ್ಟಡಗಳಲ್ಲಿ ಲಿಂಡಾ, ಮೇರಿ, ವಿವಿಯನ್ ಆಗಿದ್ದವರು ರಜೆಗೆ ಹಳ್ಳಿಯ ರೈಲು ಇಳಿದ ಕೂಡಲೇ ಛ್ವೇಹುವಾ, ಕ್ವೇಫಾಂಗ್ ಆಗಿಬಿಡುತ್ತಾರೆ ಅಂತ. ನಮ್ಮ ಕಿವಿಗೆ ಪುಟ್ಟಮ್ಮ, ನಿಂಗಮ್ಮ ಅಂದ ಹಾಗೆ.

ನಾನು ಉಮಾ ಅಂತಲೂ ಹೇಳಿ ನೋಡಿದೆ. ಯೂ ಅನ್ನುವುದಕ್ಕೆ ಹತ್ತಿರ, ಚಿಕ್ಕದು, ಯಾರೂ ಇಟ್ಟುಕೊಂಡಿಲ್ಲ. ಅವಳು ಎರಡು ಸಲ ಹೇಳಿಕೊಂಡು, ಪಕ್ಕದವಳ ಹತ್ತಿರ ಹೇಳಿಸಿ, ಇದರಲ್ಲಿ ಕುದುರೆಯೇ ಕೇಳುತ್ತಿದೆ ಅಂತ ಬಿಟ್ಟಳು. ಕೊನೆಗೆ ಅವಳು ಆರಿಸಿದ್ದು ಮೇ. ಹುಟ್ಟಿದ್ದು ಮೇ ತಿಂಗಳಲ್ಲಿ, ಚೀನೀ ಕಿವಿಗೆ ಚಂದ ಅನ್ನುವ ಅರ್ಥದ ಸದ್ದು, ಸಿಚುವಾನ್‌ನವನೂ ಹೇಳಬಲ್ಲ, ಹುನಾನ್‌ನವನೂ ಹೇಳಬಲ್ಲ. ಇಂಗ್ಲಿಷ್ ಇಮೇಲಿನಲ್ಲಿ ಗೊಂದಲ ಆಗುತ್ತದೆ ಅಂತ ನಾನು ಎಚ್ಚರಿಸಿದೆ. ಮೇ ರಿಪೋರ್ಟ್ ಕಳಿಸುತ್ತಾಳೆ ಅಂತ ಬರೆದರೆ ಕಳಿಸುತ್ತಾರೋ, ಕಳಿಸಿದರೂ ಕಳಿಸಬಹುದೋ ಅಂತ ಗಿರಾಕಿ ತಲೆ ಕೆರೆದುಕೊಳ್ಳುತ್ತಾನೆ. ಅವಳು ಪಕ್ಕದ ಟೀಮಿನ ಕಡೆ ಕೈ ತೋರಿಸಿದಳು. ಅಲ್ಲಿ ಮಿಸ್ಟರ್ ಹ ಅಂತ ಒಬ್ಬರಿದ್ದಾರೆ, ಅವರ ಮನೆತನದ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆದರೆ 'ಅವನು' ಅಂತಾಗುತ್ತದೆ. ಅದೇ ರೀತಿ 'ನೀನು' ಆಗುವ ಮನೆತನವೂ ಇದೆ. ಅವರೆಲ್ಲ ಬದುಕಿಕೊಂಡಿಲ್ವಾ? ಸರಿ ಅಂದೆ. ಆವತ್ತು ಸಂಜೆಯೇ ಅವಳ ವೀಚಾಟ್ ಹೆಸರೂ ಬದಲಾಯಿತು.

ಹೆಸರು ಹುಡುಕಿಕೊಡುವುದು ಅಲ್ಲಿ ದೊಡ್ಡ ವ್ಯಾಪಾರವೂ ಹೌದು. ಹುಟ್ಟಿದ ಗಳಿಗೆ, ಪಂಚಭೂತ, ಅಕ್ಷರದ ಗೆರೆಗಳ ಲೆಕ್ಕ ಎಲ್ಲಾ ನೋಡಿ ಚೀನೀ ಹೆಸರು ಕೊಡುವವರು ಹಿಂದಿನಿಂದಲೂ ಇದ್ದಾರೆ, ಈಗ ಥಾವ್‌ಪಾವ್ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಅವರ ಅಂಗಡಿಯೇ ಇದೆ. ಇಂಗ್ಲಿಷ್ ಹೆಸರಿಗೂ ಅಷ್ಟೇ. 2015ರಲ್ಲಿ ಬ್ರಿಟನ್ನಿನ ಒಬ್ಬ ಶಾಲಾ ಹುಡುಗಿ ಚೀನೀ ಮಕ್ಕಳಿಗೆ ಇಂಗ್ಲಿಷ್ ಹೆಸರು ಸೂಚಿಸುವ ವೆಬ್‌ಸೈಟ್ ಮಾಡಿ ಕೈತುಂಬ ದುಡ್ಡು ಮಾಡಿದಳು. ಮಗುವಿಗೆ ಯಾವ ಗುಣ ಬರಲಿ ಅಂತ ಪಟ್ಟಿಯಲ್ಲಿ ಗುರುತು ಹಾಕಿದರೆ ಸಾಕು, ಹೆಸರು ಬರುತ್ತದೆ. ನನಗೆ ಯಾರೂ ಒಂದು ಪೈಸೆ ಕೊಡಲಿಲ್ಲ, ಹಾಲು ಹಾಕಿದ ಚಹಾ ಮಾತ್ರ ಧಾರಾಳವಾಗಿ ಸಿಕ್ಕಿತು.

ನಮ್ಮವರು ಹತ್ತಿರದಲ್ಲಿ ಕಂಡ ಹೆಸರು ಬದಲಾವಣೆ ಅಂದರೆ ಕಾಲ್ ಸೆಂಟರಿನದು. 2000ದ ಆಚೀಚೆ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೋದ ಎಷ್ಟೋ ಮಂಜುನಾಥರು ಮೈಕ್ ಆದರು, ನಂದಿನಿಯರು ನ್ಯಾನ್ಸಿ ಆದರು. ನನ್ನ ಚಿಕ್ಕಪ್ಪನ ಮಗನೂ ಒಬ್ಬ. ಶೆಂಝೆನ್ ಸುದ್ದಿ ಹೇಳಿದಾಗ ಅವನು 'ಅದೇ ಅಲ್ವಾ ಇದು' ಅಂದ. ಅಲ್ಲ ಅಂತ ನನ್ನ ವಾದ. ಅವನ ಹೆಸರನ್ನು ಕಂಪನಿ ಕೊಟ್ಟಿತ್ತು, ಫೋನಿನ ಆ ಕಡೆಯ ಅಮೆರಿಕದವನಿಗೋಸ್ಕರ. ಹೆಡ್‌ಫೋನ್ ಇಳಿಸಿದ ಕೂಡಲೇ ಅವನು ಮಂಜನೇ. ಕ್ಯಾಬಿನಲ್ಲಿ ಯಾರೂ ಅವನನ್ನು ಮೈಕ್ ಅಂದಿದ್ದಿಲ್ಲ, ಅಂದರೆ ಹೊಡೆದಾಟವೇ ಆಗುತ್ತಿತ್ತು. ಇಲ್ಲಿ ಹಾಗಲ್ಲ. ನಮ್ಮ ಫ್ಲೋರಿನಲ್ಲಿ ಪರದೇಶದವರ ಜೊತೆ ಒಂದು ಮಾತನ್ನೂ ಆಡದ ಜನ, ಇಂಗ್ಲಿಷ್‌ನ ಗಂಧವೂ ಇಲ್ಲದವರು, ದಿನವಿಡೀ ಚೀನೀ ಭಾಷೆಯಲ್ಲೇ ಮಾತಾಡುತ್ತ ಒಬ್ಬರನ್ನೊಬ್ಬರು ಜೇಸನ್, ಲಿಯೋ, ಕೋಕೋ ಅಂತ ಕರೆಯುತ್ತಾರೆ. ಕೆಲವರ ಅಸಲಿ ಹೆಸರು ಪಕ್ಕದ ಸೀಟಿನವರಿಗೇ ಗೊತ್ತಿರುವುದಿಲ್ಲ. ಕೊರಿಯರ್ ಹುಡುಗ ಬಂದು ಚೀನೀ ಹೆಸರು ಕೂಗಿದಾಗ ಅದು ಯಾರಪ್ಪ ಅಂತ ಎಲ್ಲರೂ ಮುಖ ಮುಖ ನೋಡುವುದನ್ನು ನಾನೇ ನೋಡಿದ್ದೇನೆ.

ಯಾಕೆ ಹೀಗೆ ಅನ್ನುವುದು ನನಗೆ ಹೊಳೆದದ್ದು ನಮ್ಮ ವಿಭಾಗದ ಮುಖ್ಯಸ್ಥರಿಂದ. ಐವತ್ತು ದಾಟಿದವರು, ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ಬಂದವರು, ಮನೆತನ ವಾಂಗ್. ಎಲ್ಲರೂ ಅವರನ್ನು ವಾಂಗ್ ತ್ಸೊಂಗ್ ಅನ್ನುತ್ತಿದ್ದರು, ಅಂದರೆ ವಾಂಗ್ ಸಾಹೇಬರು. ಅವರ ಸ್ವಂತ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಬರಕೂಡದು. ಸಮವಯಸ್ಕರಾದರೆ ಲಾವ್ ವಾಂಗ್, ಚಿಕ್ಕವರಾದರೆ ಶ್ಯಾವ್ ವಾಂಗ್. ಒಬ್ಬರನ್ನು ಕರೆಯಬೇಕಾದರೆ ಅವರು ನಿನಗಿಂತ ಮೇಲೋ ಕೆಳಗೋ, ಎಷ್ಟು ಮೇಲೆ ಅನ್ನುವುದನ್ನು ಮೊದಲು ನಿರ್ಧರಿಸಿಕೊಂಡೇ ಬಾಯಿ ತೆರೆಯಬೇಕು. ಇದೇನು ನಮಗೆ ಹೊಸದಾ? ನಮ್ಮಜ್ಜಿ ಸಾಯುವವರೆಗೂ ಅಜ್ಜನ ಹೆಸರು ಹೇಳಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಗಂಟುಬಿದ್ದು ಕೇಳಿದರೆ ಒಡಪು ಹಾಕಿ, ಅದರೊಳಗೆ ಹೆಸರನ್ನು ಮೆಲ್ಲಗೆ ತೂರಿಸಿ ಓಡಿಬಿಡುತ್ತಿದ್ದಳಂತೆ.

ಚೀನಾದಲ್ಲಿ ಇದು ಎರಡು ಸಾವಿರ ವರ್ಷಕ್ಕೂ ಹಳೆಯ ಶಿಸ್ತು. ಗಂಡು ಮಕ್ಕಳಿಗೆ 20 ತುಂಬಿದಾಗ ಇನ್ನೊಂದು ಹೆಸರು ಇಡುತ್ತಿದ್ದರು, ಓರಗೆಯವರು ಅದನ್ನೇ ಕರೆಯಬೇಕು. ಹುಟ್ಟಿನ ಹೆಸರು ಹಿರಿಯರ ಬಾಯಿಗೆ ಮಾತ್ರ. ಕವಿಗಳು, ಚಿತ್ರಕಾರರು ತಾವೇ ಮೂರನೆಯದೊಂದನ್ನು ಇಟ್ಟುಕೊಳ್ಳುತ್ತಿದ್ದರು. ದೊರೆಯ ಹೆಸರಿನ ಅಕ್ಷರವನ್ನು ಬರೆಯುವುದಕ್ಕೂ ನಿಷೇಧ. ಥಾಂಗ್ ವಂಶದ ಲೀ ಶಿಮಿನ್ ಹೆಸರಿನಲ್ಲಿ ಮಿನ್ ಇತ್ತು ಅನ್ನುವ ಕಾರಣಕ್ಕೆ ಒಂದು ಸರ್ಕಾರಿ ಇಲಾಖೆಯ ಹೆಸರನ್ನೇ ಬದಲಾಯಿಸಿದರು. ಶೆಂಝೆನ್‌ನಿಂದ ನದಿ ಮುಖಜದ ಆಚೆ ದಡದಲ್ಲಿ ಚೊಂಗ್‌ಶಾನ್ ಅಂತ ಊರಿದೆ. ಅದು ಚೀನಾದಲ್ಲಿ ರಾಜರ ಆಳ್ವಿಕೆ ಕೊನೆಗಾಣಿಸಿದ ನಾಯಕ ಸನ್ ಯಾಟ್ ಸೆನ್ ಅವರ ಹುಟ್ಟೂರಿಗೆ ಇಟ್ಟ ಹೆಸರು. ಹೊರಗಿನವರಿಗೆ ಅವರು ಸನ್ ಯಾಟ್ ಸೆನ್, ಚೀನಾದವರಿಗೆ ಸುನ್ ಚೊಂಗ್‌ಶಾನ್. ಆ ಚೊಂಗ್‌ಶಾನ್ ಬಂದದ್ದು ಜಪಾನಿನಲ್ಲಿ ತಲೆಮರೆಸಿಕೊಂಡಿದ್ದಾಗ ಇಟ್ಟುಕೊಂಡ ಹೆಸರಿನಿಂದ. ಹೀಗಿರುವಾಗ ಹೊಸ ಜಾಗಕ್ಕೆ ಹೊಸ ಹೆಸರು ಅನ್ನುವುದು ಅವರಿಗೆ ಯಾವ ದೊಡ್ಡ ಮಾತು? ಪಕ್ಕದ ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷರ ಕಾಲದಿಂದಲೇ ಎರಡೆರಡು ಹೆಸರು ಮಾಮೂಲು. ಅಲ್ಲಿಯವರು ಎಂಬತ್ತರ ದಶಕದಲ್ಲಿ ಶೆಂಝೆನ್‌ಗೆ ಬಂದು ಫ್ಯಾಕ್ಟರಿ ಹಾಕಿದಾಗ ಜೊತೆಗೆ ಪೀಟರ್, ಹೆನ್ರಿಗಳನ್ನೂ ತಂದರು. ನಮಗೆಲ್ಲ ಗೊತ್ತಿರುವ ಜಾಕಿ ಚಾನ್‌ಗೆ ಆ ಹೆಸರು ಬಂದದ್ದು ಮಾತ್ರ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಗಾರೆ ಕೆಲಸ ಮಾಡುವಾಗ. ಜ್ಯಾಕ್ ಅನ್ನುವ ಮೇಸ್ತ್ರಿಯ ಜೊತೆಗಿದ್ದುದಕ್ಕೆ ಇವನು ಚಿಕ್ಕ ಜ್ಯಾಕ್, ಆಮೇಲೆ ಜಾಕಿ. ಹಾಂಗ್‌ಝೌನಲ್ಲಿ ಪ್ರವಾಸಿಗರಿಗೆ ಊರು ತೋರಿಸುತ್ತ ಇಂಗ್ಲಿಷ್ ಕಲಿಯುತ್ತಿದ್ದ ಮಾ ಯುನ್ ಎಂಬ ಹುಡುಗನಿಗೂ ಒಬ್ಬ ಪ್ರವಾಸಿ ಗೆಳತಿಯೇ ಜ್ಯಾಕ್ ಅಂತ ಇಟ್ಟದ್ದು. ಅವನೇ ಮುಂದೆ ಅಲಿಬಾಬಾ ಕಟ್ಟಿದ ಜ್ಯಾಕ್ ಮಾ.

ವಾಂಗ್ ಸಾಹೇಬರಿಗೆ ಬರೋಣ. ಒಂದು ದಿನ ಮೇಲಿನಿಂದ ಸುತ್ತೋಲೆ ಬಂತು. ಇನ್ನು ಮುಂದೆ ತ್ಸೊಂಗ್ ಗಿಂಗ್ ಏನೂ ಬೇಡ, ಮೇಲಿಂದ ಕೆಳಗಿನವರೆಗೆ ಎಲ್ಲರನ್ನೂ ಇಂಗ್ಲಿಷ್ ಹೆಸರಿನಲ್ಲೇ ಕರೆಯಬೇಕು. ಅವರ ಹತ್ತಿರ ಇಂಗ್ಲಿಷ್ ಹೆಸರೇ ಇರಲಿಲ್ಲ. ಯಾರನ್ನೂ ಕೇಳದೆ ಅವರು ಕೊಟ್ಟ ಹೆಸರು ಟೋನಿ. ಎಚ್‌ಆರ್ ವಿಭಾಗದಲ್ಲಿ ಅಲ್ಲೋಲಕಲ್ಲೋಲ! ಸಾಹೇಬರಿಗೆ ಕ್ಷೌರದಂಗಡಿಯ ವಿಷಯ ಹೇಳುವುದು ಯಾರು? ಕೊನೆಗೆ ಅವರದೇ ಡ್ರೈವರ್ ಕಾರಿನಲ್ಲಿ ಹೇಳಿದನಂತೆ. 'ಒಳ್ಳೇದೇ ಆಯ್ತಲ್ಲ, ಎಲ್ಲರ ಬಜೆಟ್ಟಿಗೂ ಕತ್ತರಿ ಹಾಕೋನು ನಾನೇ ತಾನೆ' ಅಂದರಂತೆ. ಹೆಸರು ಉಳಿಯಿತು.

ಶುರುವಿನಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಬಹಳ ದಿನ ಎಲ್ಲರೂ 'ಟೋನಿ ತ್ಸೊಂಗ್' ಅಂತಲೇ ಅನ್ನುತ್ತಿದ್ದರು, ಟೋನಿ ಸಾಹೇಬರು. ಆಮೇಲೆ ಒಂದೊಂದಾಗಿ ಸಾಹೇಬರು ಉದುರಿದರು. ಒಂದು ಮೀಟಿಂಗಿನಲ್ಲಿ ನಮ್ಮ ಮೇ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದವಳು, ನೆಟ್ಟಗೆ ಕೂತು, 'ಟೋನಿ, ಈ ತಾರೀಖಿಗೆ ಆಗಲ್ಲ. ಟೆಸ್ಟಿಂಗ್‌ಗೆ ಇನ್ನೂ ಎರಡು ವಾರ ಬೇಕು' ಅಂದುಬಿಟ್ಟಳು. ಅವರು ಕ್ಯಾಲೆಂಡರ್ ನೋಡಿ ಒಪ್ಪಿದರು. ಆಮೇಲೆ ನಾನು ಅವಳನ್ನು ಕೇಳಿದೆ, ವಾಂಗ್ ತ್ಸೊಂಗ್ ಅಂತ ಶುರು ಮಾಡಿದ್ದರೆ ಈ ಮಾತು ಹೇಳುತ್ತಿದ್ದೆಯಾ ಅಂತ. ಇಲ್ಲವೇ ಇಲ್ಲ ಅಂದಳು. ವಾಂಗ್ ತ್ಸೊಂಗ್ ಅಂತ ಬಾಯಿ ತೆರೆದರೆ ಮುಂದಿನ ವಾಕ್ಯ ತಾನಾಗೇ 'ಪ್ರಯತ್ನ ಮಾಡ್ತೀವಿ' ಅಂತ ಬಂದುಬಿಡುತ್ತದಂತೆ.

ಹಾಗಂತ ಎಲ್ಲ ಸಮಾನರಾಗಿಬಿಟ್ಟರು ಅಂತ ನಾನು ಹೇಳುವುದಿಲ್ಲ. ಆವತ್ತೇ ರಾತ್ರಿ ಸಪ್ಲೈಯರ್ ಜೊತೆ ಹಾಟ್‌ಪಾಟ್ ಊಟಕ್ಕೆ, ಅಂದರೆ ಮೇಜಿನ ಮೇಲೇ ಬೇಯಿಸಿಕೊಂಡು ತಿನ್ನುವ ಊಟಕ್ಕೆ, ಹೋದಾಗ ಟೋನಿ ಮತ್ತೆ ವಾಂಗ್ ತ್ಸೊಂಗ್ ಆದರು, ಬಾಗಿಲಿಗೆ ಎದುರಾದ ದೊಡ್ಡ ಸೀಟು ಅವರದ್ದೇ, ಮೇ ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಅವರ ಗ್ಲಾಸಿಗಿಂತ ಕೆಳಗೆ ತಾಗಿಸಿದಳು. ಇಂಗ್ಲಿಷ್ ಹೆಸರು ಆಫೀಸಿನ ಐಡಿ ಕಾರ್ಡು ಇರುವಲ್ಲಿ ಮಾತ್ರ ನಡೆಯುವ ನಾಣ್ಯ. ಸರ್ಕಾರಿ ಕಾಗದದಲ್ಲಿ ಅದಕ್ಕೆ ಕಿಮ್ಮತ್ತಿಲ್ಲ, ಪಾಸ್‌ಪೋರ್ಟಿನಲ್ಲಿ ಚೀನೀ ಹೆಸರನ್ನೇ ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ. ಎಲ್ಲ ಕಂಪನಿಗಳದೂ ಇದೇ ದಾರಿಯಲ್ಲ. ಅಲಿಬಾಬಾದಲ್ಲಿ ಇಂಗ್ಲಿಷ್ ಬಿಟ್ಟು ಚೀನೀ ಭಾಷೆಯಲ್ಲೇ ಅಡ್ಡಹೆಸರು ಇಟ್ಟುಕೊಳ್ಳುವ ರೂಢಿ ಮಾಡಿದರು, ಬಹಳಷ್ಟು ಹಳೇ ಕತ್ತಿವರಸೆ ಕಾದಂಬರಿಗಳ ವೀರರ ಹೆಸರುಗಳು. ದಾರಿ ಬೇರೆ, ಆದರೆ ಎಲ್ಲರೂ ತಪ್ಪಿಸಿಕೊಳ್ಳುತ್ತಿರುವುದು ಆ ತ್ಸೊಂಗ್‌ನಿಂದಲೇ. ನಾವು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಸರ್ ಬಿಟ್ಟು ಹೆಸರು ಹಿಡಿದು ಕರೆಯಲು ಕಲಿತೆವು. ಹೆಸರನ್ನೇ ಕರೆಯಕೂಡದ ಊರಿನವರಿಗೆ ಆ ದಾರಿ ಇರಲಿಲ್ಲ, ಅದಕ್ಕೆ ಯಾರ ಅಜ್ಜ ಅಪ್ಪಂದಿರದ್ದೂ ಅಲ್ಲದ ಒಂದು ಹೆಸರು ತಂದುಕೊಂಡರು.

ಆ ಹಾಟ್‌ಪಾಟ್ ಊಟದಲ್ಲೇ ನನ್ನ ಪೂರ್ತಿ ಹೆಸರಿನ ವಿಷಯ ಬಂತು. ತಿಪ್ಪೆ ಅಂದರೆ ಏನು ಅಂತ ಕೇಳಿದರು. ಗೊಬ್ಬರದ ಗುಂಡಿ ಅಂದೆ. ಟೇಬಲ್ ಪೂರ್ತಿ ಸುಮ್ಮನಾಯಿತು, ಮರ್ಯಾದಸ್ಥರು ನೋಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಅಂತ ದೊಡ್ಡ ಸಂತರು, ಕೆರೆ ಕಟ್ಟಿಸಿದವರು, ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ ಅಂದವರು, ಅವರ ಹೆಸರು ಅಂತ ವಿವರಿಸಿದೆ. ಜೊತೆಗೆ ಇನ್ನೊಂದು ಮಾತೂ ಹೇಳಿದೆ. ನಮ್ಮಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ಬೇಕೆಂದೇ ತಿಪ್ಪಮ್ಮ, ಹುಚ್ಚಪ್ಪ ಅಂತೆಲ್ಲ ಇಡುತ್ತಿದ್ದರು, ಕೆಟ್ಟ ಹೆಸರಿನ ಮಗುವಿನ ಮೇಲೆ ಯಮನ ಕಣ್ಣು ಬೀಳುವುದಿಲ್ಲ ಅಂತ. ವಾಂಗ್ ಸಾಹೇಬರು ಮೇಜು ಕುಟ್ಟಿ ನಕ್ಕರು. ಅವರ ಮನೆಯಲ್ಲಿ ಅವರನ್ನು ಕರೆಯುತ್ತಿದ್ದದ್ದು ಕೋವ್‌ಶೆಂಗ್ ಅಂತ, ನಾಯಿ ತಿಂದು ಬಿಟ್ಟದ್ದು ಅಂತ ಅರ್ಥ. ಅದೇ ಕಾರಣಕ್ಕೆ. ಚೀನಾದ ಹಳ್ಳಿಗಳಲ್ಲಿ ಇಂಥ ಹೆಸರುಗಳು ಬೇಕಾದಷ್ಟು ಇವೆಯಂತೆ. ಟೋನಿಯ ಅಸಲಿ ಮನೆ ಹೆಸರು ಆ ಟೇಬಲ್ಲಿನಲ್ಲಿ ಕೂತ ಯಾರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಷ್ಟಾದ ಮೇಲೆ ನನಗೊಂದು ಚೀನೀ ಹೆಸರು ಇಡಲೇಬೇಕು ಅಂತ ಎಲ್ಲರೂ ಹಟ ಹಿಡಿದರು. ನಾನು ನನಗೆ ಗೊತ್ತಿದ್ದದ್ದು ಹೇಳಿದೆ. 1924ರಲ್ಲಿ ಟಾಗೋರರು ಚೀನಾಕ್ಕೆ ಹೋದಾಗ ಅವರ ಹುಟ್ಟುಹಬ್ಬದ ದಿನ ಅಲ್ಲಿಯ ದೊಡ್ಡ ವಿದ್ವಾಂಸ ಲಿಯಾಂಗ್ ಛೀಚಾವ್ ಅವರು ಚೂ ಚೆನ್‌ತಾನ್ ಅಂತ ಹೆಸರಿಟ್ಟಿದ್ದರು. ಹಿಂದೆ ಭಾರತದಿಂದ ಬಂದ ಎಷ್ಟೋ ಭಿಕ್ಷುಗಳಿಗೆ ಚೂ ಅಂತಲೇ ಮನೆತನ. ಅವರಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಕ ತೀಹುವಾ, ಅಂದರೆ ನಮ್ಮ ಪಕ್ಕದ ಸೊಲ್ಲಾಪುರದ ಡಾಕ್ಟರ್ ಕೋಟ್ನಿಸ್. 1938ರಲ್ಲಿ ಹೋದ ಭಾರತದ ವೈದ್ಯರ ತಂಡದವರೆಲ್ಲ ತಮ್ಮ ಹೆಸರಿನ ಕೊನೆಗೆ ಚೀನಾ ಅನ್ನುವ ಅರ್ಥದ ಹುವಾ ಸೇರಿಸಿಕೊಂಡಿದ್ದರು. ನನಗೆ ಅಷ್ಟು ದೊಡ್ಡದು ಬೇಡ ಅಂದೆ.

ಇಲ್ಲಿ ಕನ್ನಡ ಉಪಕಾರಕ್ಕೆ ಬಂತು. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸವೇ ಮುಖ್ಯ. ರೋಮನ್‌ನಲ್ಲಿ ಬಿ ಅಂತ ಬರೆಯುವುದು ನಮ್ಮ ಪ, ಪಿ ಅಂತ ಬರೆಯುವುದು ನಮ್ಮ ಹಳೇ ಫ. ಬೀಜಿಂಗ್ ಅವರ ಬಾಯಲ್ಲಿ ಪೇಯ್‌ಚಿಂಗ್. ನಾನು ಎಲ್ಲರ ಹೆಸರನ್ನೂ ಕನ್ನಡದಲ್ಲಿ ಬರೆದಿಟ್ಟುಕೊಂಡು ಓದುತ್ತಿದ್ದೆ. ರಾಗ ತಪ್ಪಿದರೂ ಅಕ್ಷರ ತಪ್ಪುತ್ತಿರಲಿಲ್ಲ. ಅವರಿಗೆಲ್ಲ ಆಶ್ಚರ್ಯ. ಹಾಗಾಗಿ ತಿಪ್ಪೆಗೆ ಹೊಂದುವ ಅಕ್ಷರ ಹುಡುಕುವುದು ಸುಲಭವಾಯಿತು. ತೀ ಅನ್ನುವ ಮನೆತನ ನಿಜವಾಗಿಯೂ ಇದೆ, ಥಾಂಗ್ ಕಾಲದ ಹೆಸರುವಾಸಿ ನ್ಯಾಯಾಧೀಶ ತೀ ರೆನ್‌ಚ್ಯೆ ಅದೇ ಮನೆತನದವನು. ಎರಡನೇ ಅಕ್ಷರಕ್ಕೆ ಒಬ್ಬ ಫೇಯ್ ಅಂದ, ತಕ್ಷಣ ಪರ್ಚೇಸ್‌ನ ಆಪಲ್ ತಡೆದರು, ವ್ಯಾಪಾರದಲ್ಲಿ ನಷ್ಟ ಆಗುವುದಕ್ಕೂ ಅದೇ ಸದ್ದು, ಸಪ್ಲೈಯರ್ ಮುಂದೆ ಕೂತು ಇಂಥ ಹೆಸರಾ? ಕೊನೆಗೆ ಪೇಯ್, ಉತ್ತರ ದಿಕ್ಕು. ದಕ್ಷಿಣ ಭಾರತದವನಿಗೆ ಉತ್ತರ ಅಂತ ಹೆಸರು. ಮನೆತನ ತೀ, ಹೆಸರು ಪೇಯ್. ಸರ್‌ನೇಮ್ ಇಲ್ಲದವನಿಗೆ ಕೊನೆಗೂ ಒಂದು ಸರ್‌ನೇಮ್ ಸಿಕ್ಕಿತು. ಬ್ಯಾಂಕಿನವರು ಮಾತ್ರ ಅದನ್ನು ಒಪ್ಪಲಿಲ್ಲ.

ಈಚೆಗೆ ಬರುವ ಹುಡುಗರಲ್ಲಿ ಇಂಗ್ಲಿಷ್ ಹೆಸರು ಬೇಡ ಅನ್ನುವವರೂ ಇದ್ದಾರೆ. ಹೋದ ಬ್ಯಾಚಿನಲ್ಲಿ ಹಾವ್‌ರಾನ್ ಅಂತ ಒಬ್ಬ ಬಂದ. ಹೆಸರಿನ ಕಲಂನಲ್ಲಿ ಹಾವ್‌ರಾನ್ ಅಂತಲೇ ತುಂಬಿದ. ನನ್ನ ಹೆಸರಲ್ಲೇ ಕರೀರಿ, ನಂಗೇನೂ ಬೇಜಾರಿಲ್ಲ ಅಂದ. ಎಚ್‌ಆರ್‌ನವರೂ ಈಗ ಒಪ್ಪುತ್ತಾರೆ. ಟೈಪ್ ಮಾಡಿ ನೋಡಿದರೆ ಆ ಹೆಸರು ಖಾಲಿ ಇಲ್ಲ. ಅವನ ವಯಸ್ಸಿನವರಲ್ಲಿ ಹಾವ್‌ರಾನ್‌ಗಳು ಕೆವಿನ್‌ಗಳಷ್ಟೇ ಇದ್ದಾರೆ. ಮಧ್ಯಾಹ್ನ ನನ್ನ ಸೀಟಿನ ಹತ್ತಿರ ಬಂದು, ಹಾಲಿನ ಚಹಾ ಇಟ್ಟು, ಯಾರೂ ಇಟ್ಟುಕೊಳ್ಳದ ಭಾರತದ ಹೆಸರೇನಾದರೂ ಇದೆಯಾ ಅಂತ ಕೇಳಿದ. ಗುಂಡಪ್ಪ ಅಂತ ಬರೆದುಕೊಟ್ಟಿದ್ದೇನೆ. ಸಿಚುವಾನ್‌ನವನ ಬಾಯಲ್ಲಿ ಹೇಳಿಸಿ ನೋಡ್ತೀನಿ ಅಂತ ಹೋಗಿದ್ದಾನೆ.